ಬಣ್ಣದ ಬಟ್ಟಲಿನಲ್ಲಿ ದುಂಬಿಗಳ ಲೆಕ್ಕ

(ರಾಜ್ಯೋತ್ಸವದ ಉಪನ್ಯಾಸಮಾಲೆಯಲ್ಲಿ ಪುಣೆಯ ಕನ್ನಡಿಗರ ಮುಂದೆ ಮಾಡಿದ ಭಾಷಣ)



ಈ ಮಾಲೆಯಲ್ಲಿ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡುವವರನ್ನು ಕರೆಯುವುದು ನಮ್ಮ ಸಂಘದ ವಾಡಿಕೆ. ಈ ಸಲ ಹುಳುಗಳ ವಿಷಯ ಹೇಳುವವನನ್ನು ಕರೆದಿದ್ದಾರೆ. ಇದು ಕಾರ್ಯದರ್ಶಿಗಳ ಧೈರ್ಯವೇ ಹೊರತು ನನ್ನ ಯೋಗ್ಯತೆಯಲ್ಲ. ಆದರೂ ಒಂದು ಸಮಾಧಾನವುಂಟು. ನಮ್ಮ ಕವಿಗಳಲ್ಲಿ ದುಂಬಿಯನ್ನು ಮರೆತವರು ವಿರಳ. ಮಲ್ಲಿಗೆಯೆಂದರೆ ದುಂಬಿ, ತಾವರೆಯೆಂದರೆ ದುಂಬಿ. ಅವರ ದುಂಬಿ ಹಾಡುವುದಕ್ಕೆ ಇದ್ದದ್ದು, ನನ್ನದು ಎಣಿಸುವುದಕ್ಕೆ. ಎಣಿಸುವ ಕೆಲಸದಲ್ಲಿ ರಸ ಕಡಮೆ, ತಂಟೆ ಹೆಚ್ಚು.

ಪ್ರಪಂಚದಲ್ಲಿ ಜೇನಿನ ಬಳಗಕ್ಕೆ ಸೇರಿದ ಹುಳುಗಳು ೨೦,೦೦೦ ಜಾತಿಗೂ ಮೇಲ್ಪಟ್ಟಿವೆ. ಭಾರತದಲ್ಲಿಯೇ ೭೦೦ಕ್ಕಿಂತ ಹೆಚ್ಚು ಜಾತಿಗಳುಂಟು. ನಾವು ಹೆಸರು ಹಿಡಿದು ಕರೆಯಬಲ್ಲವು ಎಷ್ಟು? ಹೆಜ್ಜೇನು, ತುಡುವೆ, ಕೋಲುಜೇನು, ಮುಜಂಟಿ. ತೊಲೆ ಕೊರೆಯುವ ಕರಿಯ ದೊಡ್ಡ ದುಂಬಿಯನ್ನು ಸೇರಿಸಿದರೆ ಐದು. ಉಳಿದವುಗಳಲ್ಲಿ ಬಹುಪಾಲು ಜೇನು ಕೂಡಿಡುವುದೂ ಇಲ್ಲ, ತಟ್ಟಿ ಕಟ್ಟುವುದೂ ಇಲ್ಲ. ಒಂದೊಂದು ಹೆಣ್ಣೂ ತನ್ನ ಪಾಡಿಗೆ ತಾನು ನೆಲದಲ್ಲಿ ಬಿಲ ತೋಡಿಕೊಂಡೋ, ಒಣಗಿದ ಕಡ್ಡಿಯ ಪೊಳ್ಳನ್ನು ಹುಡುಕಿಕೊಂಡೋ ಒಂಟಿ ಸಂಸಾರ ಹೂಡುತ್ತದೆ. ಮನೆಯ ಗುಲಾಬಿ ಎಲೆಯ ಅಂಚಿನಲ್ಲಿ ಕತ್ತರಿ ಆಡಿಸಿದಂತೆ ದುಂಡನೆಯ ತುಂಡುಗಳು ಮಾಯವಾಗಿರುವುದನ್ನು ತಾವು ನೋಡಿರಬೇಕು. ಅದು ಹಾಗೆ ಸಂಸಾರ ಹೂಡುವ ಹುಳುವಿನ ಕೆಲಸ. ನಮ್ಮ ತೊಗರಿಯ ಹೂವನ್ನು ಅದುಮಿ ತೆರೆದು ಒಳಗಿನ ಕೇಸರ ಮುಟ್ಟುವವರಲ್ಲಿ ಈ ಎಲೆ ಕತ್ತರಿಸುವ ಬಳಗದವೇ ಮುಖ್ಯವಾದವು. ಕಲಬುರ್ಗಿಯ ತೊಗರಿಬೇಳೆಯ ಸಾರು ಉಣ್ಣುವವರು ಅವುಗಳ ಋಣದಲ್ಲಿದ್ದಾರೆ. ಹೆಸರು ಮಾತ್ರ ಗೊತ್ತಿಲ್ಲ.

ಎಲ್ಲಿ ಹೋದರೂ ನನಗೆ ಒಂದೇ ಪ್ರಶ್ನೆ ಎದುರಾಗುತ್ತದೆ: “ಜೇನು ಕಡಮೆಯಾಗಿದೆಯಂತೆ, ನಿಜವೆ?” ಕೇಳಿದವರು ತಮ್ಮ ಉತ್ತರವನ್ನೂ ತಾವೇ ಕೊಡುತ್ತಾರೆ: “ನಾವು ಚಿಕ್ಕವರಿದ್ದಾಗ ಹಿತ್ತಿಲ ತುಂಬ ಇದ್ದವು.” ಇದ್ದಿರಬಹುದು. ಆದರೆ ಬಾಲ್ಯದ ಹಿತ್ತಿಲಿನಲ್ಲಿ ಮಾವಿನ ಹಣ್ಣೂ ಈಗಿನದಕ್ಕಿಂತ ದೊಡ್ಡದಾಗಿತ್ತು! ನೆನಪು ಪ್ರೀತಿಯ ವಸ್ತು, ಲೆಕ್ಕಕ್ಕೆ ಒದಗುವುದಿಲ್ಲ.

ಲೆಕ್ಕ ಇಟ್ಟವರು ಯಾರು ಎಂಬುದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಅದು ನಮ್ಮಂಥದೇ ಒಂದು ಸಂಘ. ಜರ್ಮನಿಯ ಕ್ರೆಫೆಲ್ಡ್ ಪಟ್ಟಣದಲ್ಲಿ ೧೯೦೫ರಲ್ಲಿ ಹುಟ್ಟಿದ ಕೀಟಾಸಕ್ತರ ಸಂಘವೊಂದಿದೆ. ಅದರ ಸದಸ್ಯರಲ್ಲಿ ಹೆಚ್ಚಿನವರು ಹವ್ಯಾಸಿಗಳು. ಅವರು ೧೯೮೯ರಿಂದ ಗುಡಾರದ ಆಕಾರದ ಬಲೆಗಳನ್ನು ರಕ್ಷಿತ ಪ್ರದೇಶಗಳಲ್ಲಿ ಒಂದೇ ಕ್ರಮದಲ್ಲಿ ಹೂಡುತ್ತ, ಬಿದ್ದ ಹಾರುಹುಳುಗಳನ್ನು ತೂಗಿ ಬರೆದಿಡುತ್ತ ಬಂದರು. ೬೩ ಸ್ಥಳಗಳ ಈ ಲೆಕ್ಕ ೨೦೧೭ರಲ್ಲಿ ಪ್ರಕಟವಾಯಿತು. ೨೭ ವರ್ಷಗಳಲ್ಲಿ ಹುಳುಗಳ ಒಟ್ಟು ತೂಕ ಮುಕ್ಕಾಲು ಪಾಲಿಗಿಂತ ಹೆಚ್ಚು ಇಳಿದಿತ್ತು. ಲೋಕವೆಲ್ಲ ಬೆಚ್ಚಿತು. ಆದರೆ ಲೋಕ ಬೆಚ್ಚುವುದಕ್ಕೂ ಮುಂಚೆ, ಯಾರೂ ಕೇಳದಿದ್ದ ಕಾಲದಲ್ಲಿ, ಕೆಲವರು ಕಾಲು ಶತಮಾನ ಬೇಸರಿಸದೆ ತೂಗಿದ್ದರು. ನಮ್ಮ ದೇಶದಲ್ಲಿ ಅಷ್ಟು ಕಾಲ, ಅಷ್ಟು ಕಡೆ, ಅದೇ ಬಗೆಯಲ್ಲಿ ಕಾಡುದುಂಬಿಗಳನ್ನು ಎಣಿಸಿದ ಲೆಕ್ಕ ನಮ್ಮ ಕೈಯಲ್ಲಿಲ್ಲ. ಆದಕಾರಣ “ನಿಜವೆ?” ಎಂದು ಕೇಳಿದವರಿಗೆ, ಎಣಿಸುವ ಬಗೆ ಯಾವುದು ಎಂಬುದನ್ನು ಹೇಳುವುದೇ ನನ್ನ ಉತ್ತರ.

ಈ ಮೇಜಿನ ಮೇಲಿನ ಮೂರು ಬಟ್ಟಲುಗಳನ್ನು ನೋಡಿ. ಚಟ್ನಿ ಬಡಿಸಲು ತಂದವೆಂದು ನಮ್ಮ ಊಟದ ವ್ಯವಸ್ಥೆಯವರು ಆಗಲೇ ಒಂದನ್ನು ಒಳಕ್ಕೆ ಒಯ್ದಿದ್ದರು, ಬೇಡಿ ತಂದೆ. ಒಂದಕ್ಕೆ ಹಳದಿ, ಒಂದಕ್ಕೆ ನೀಲಿ, ಒಂದಕ್ಕೆ ಬಿಳಿ ಬಳಿದಿದೆ. ಇವುಗಳಲ್ಲಿ ನೀರು ತುಂಬಿ, ಪಾತ್ರೆ ತೊಳೆಯುವ ಸೋಪಿನ ದ್ರವ ಎರಡು ತೊಟ್ಟು ಹಾಕಿ, ಬಿಸಿಲು ಬೀಳುವ ಬಯಲಿನಲ್ಲಿ ಬೆಳಗ್ಗೆ ಇಟ್ಟು ಮಧ್ಯಾಹ್ನದ ಮೇಲೆ ತೆಗೆಯಬೇಕು. ಇಷ್ಟೇ ಯಂತ್ರ. ಬಣ್ಣ ಹೂವೆಂಬ ಭ್ರಮೆ ಹುಟ್ಟಿಸುತ್ತದೆ, ಹುಳು ಇಳಿಯುತ್ತದೆ. ಬರಿಯ ನೀರಾದರೆ ಅದರ ಮೇಲ್ಮೈ ಬಿಗಿದ ತೊಗಲಿನಂತೆ ಹಗುರವಾದ ಹುಳುವನ್ನು ಹೊತ್ತು ನಿಲ್ಲಿಸೀತು, ಹುಳು ಹಾರಿಹೋದೀತು. ಸೋಪು ಆ ಬಿಗಿತವನ್ನು ಸಡಿಲಿಸುತ್ತದೆ, ಹುಳು ಮುಳುಗುತ್ತದೆ. ಆಮೇಲೆ ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ಮದ್ಯಸಾರದಲ್ಲಿ ಅದ್ದಿಟ್ಟು, ಬಿಡುವಾದಾಗ ತೊಳೆದು, ಕೂದಲೊಣಗಿಸುವ ಬಿಸಿಗಾಳಿಯ ಯಂತ್ರದಿಂದ ಮೈಯ ನವಿರು ಬಿಡಿಬಿಡಿಯಾಗುವಂತೆ ಒಣಗಿಸಿ, ಸೂಜಿಗೆ ಚುಚ್ಚಿ, ಚೀಟಿ ಬರೆಯುವುದು. ನೆನೆದ ದುಂಬಿ ಮಳೆಯಲ್ಲಿ ತೊಯ್ದ ಕಾಗೆಮರಿಯಂತಿರುತ್ತದೆ. ಒಣಗಿಸಿದ ಹೊರತು ಯಾವ ಜಾತಿಯದೆಂದು ಹೇಳುವಂತಿಲ್ಲ.

ಇದರ ಅಣ್ಣನೋ ತಮ್ಮನೋ ಎನ್ನಬಹುದಾದದ್ದು ನಮ್ಮ ರೈತರಿಗೆ ಆಗಲೇ ಗೊತ್ತು. ಮೆಣಸಿನಕಾಯಿ, ಟೊಮ್ಯಾಟೊ ಹೊಲಗಳಲ್ಲಿ ಕೋಲಿಗೆ ಕಟ್ಟಿದ ಹಳದಿ ಅಂಟು ಹಾಳೆ ಬಿಳಿನೊಣವನ್ನು ಹಿಡಿಯುತ್ತದೆ, ನೀಲಿಯದು ಥ್ರಿಪ್ಸನ್ನು. ಬಟ್ಟಲಿನ ಹುಟ್ಟೂ ಪೀಡೆಯ ಹುಳುಗಳ ಬೆನ್ನು ಹತ್ತಿದ್ದರಿಂದಲೇ ಆಯಿತು. ಜರ್ಮನಿಯ ಮೋರಿಕೆ ಎಂಬ ಕೀಟಶಾಸ್ತ್ರಜ್ಞ ೧೯೫೧ರಲ್ಲಿ ಹಳದಿ ತಟ್ಟೆಯ ನೀರಿನಿಂದ ಗಿಡಹೇನುಗಳ ಹಾರಾಟವನ್ನು ಅಳೆಯುವ ಉಪಾಯವನ್ನು ಪ್ರಕಟಿಸಿದ. ಆ ತಟ್ಟೆಯನ್ನು ಇಂದಿಗೂ ಅವನ ಹೆಸರಿನಿಂದ ಕರೆಯುತ್ತಾರೆ. ಗಿಡಹೇನಿಗೆಂದು ಇಟ್ಟ ತಟ್ಟೆಯಲ್ಲಿ ಹೂವಿನ ಹುಳುಗಳೂ ಬಿದ್ದವು. ಬಿದ್ದವರನ್ನು ಎಣಿಸಿದರೇನು ಎಂಬ ಯೋಚನೆ ಅನಂತರ ಬೆಳೆಯಿತು.

ಬಣ್ಣ ಏಕೆ ಬೇಕು? ಹುಳುವಿಗೆ ಬಣ್ಣ ಕಾಣುತ್ತದೆಯೆ? ಈಗ ಸುಲಭವೆಂದು ತೋರುವ ಈ ಪ್ರಶ್ನೆಗೆ ನೂರು ವರ್ಷದ ಹಿಂದೆ ದೊಡ್ಡ ಜಗಳವೇ ನಡೆಯಿತು. ಮ್ಯೂನಿಕ್‌ನಲ್ಲಿ ಕಾರ್ಲ್ ಫಾನ್ ಹೆಸ್ ಎಂಬ ಹೆಸರಾಂತ ನೇತ್ರವೈದ್ಯರು ಜೇನುಹುಳುವಿಗೆ ಬಣ್ಣದ ಅರಿವೇ ಇಲ್ಲವೆಂದು ಸಾರಿದರು. ಕತ್ತಲಲ್ಲಿ ಬಗೆಬಗೆಯ ಬೆಳಕು ತೋರಿಸಿದರೆ ಹುಳುಗಳು ಬಣ್ಣ ಯಾವುದೆನ್ನದೆ ಹೆಚ್ಚು ಬೆಳಗಿದ ಕಡೆಗೇ ಓಡುತ್ತಿದ್ದವು. ಇದೇ ಅವರ ಆಧಾರ. ಕಾರ್ಲ್ ಫಾನ್ ಫ್ರಿಶ್ ಆಗ ತರುಣ. ಹುಳುವಿಗೆ ಬಣ್ಣ ಕಾಣದಿದ್ದರೆ ಹೂವಿಗೆ ಈ ವೇಷಭೂಷಣವೇಕೆ ಎಂಬುದು ಅವನ ಆಕ್ಷೇಪ. ಅವನು ಹೊರಬಯಲಿನಲ್ಲಿ ಮೇಜು ಹಾಕಿ, ಚದುರಂಗದ ಮಣೆಯಂತೆ ಬೂದುಬಣ್ಣದ ಚೌಕಗಳನ್ನು ಹರಡಿದ. ಕಡು ಬೂದಿಯಿಂದ ತಿಳಿ ಬೂದಿಯವರೆಗೆ ಹಲವು ಮಟ್ಟಗಳು, ಅವುಗಳ ನಡುವೆ ಒಂದೇ ಒಂದು ನೀಲಿ. ನೀಲಿಯ ಮೇಲಿನ ತಟ್ಟೆಯಲ್ಲಿ ಮಾತ್ರ ಸಕ್ಕರೆ ನೀರು. ಹುಳುಗಳು ರೂಢಿಗೊಂಡ ಮೇಲೆ ಎಲ್ಲ ತಟ್ಟೆಗಳನ್ನೂ ತೆಗೆದು ಶುಭ್ರವಾದ ಬರಿದು ತಟ್ಟೆಗಳನ್ನು ಇಟ್ಟ, ನೀಲಿಯ ಜಾಗವನ್ನೂ ಬದಲಿಸಿದ. ಹುಳುಗಳು ನೀಲಿಯನ್ನೇ ಹುಡುಕಿ ಬಂದು ಮುತ್ತಿದವು. ವಾಸನೆಯಿಂದ ಬಂದವೆಂದು ಯಾರೂ ಅನ್ನದಂತೆ ಗಾಜು ಮುಚ್ಚಿ ನೋಡಿದ, ಆಗಲೂ ನೀಲಿಯೇ. ನೀಲಿ ಹುಳುವಿಗೆ ಬರಿಯ ಒಂದು ಮಟ್ಟದ ಬೂದಿಯಾಗಿ ಕಂಡಿದ್ದರೆ ಅಷ್ಟೊಂದು ಬೂದಿಗಳಲ್ಲಿ ಯಾವುದಾದರೊಂದನ್ನು ಅದೆಂದು ಬಗೆದು ಮೋಸಹೋಗಲೇಬೇಕಿತ್ತು. ೧೯೧೪ರಲ್ಲಿ ಇದು ಪ್ರಕಟವಾಯಿತು. ಹೆಸ್ ಒಪ್ಪಲಿಲ್ಲವೆನ್ನಿ, ದೊಡ್ಡವರು ಒಪ್ಪುವುದು ನಿಧಾನ. ಫ್ರಿಶ್‌ಗೆ ೧೯೭೩ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಅದೇ ಮಣೆಯ ಮೇಲೆ ಕೆಂಪು ಇಟ್ಟಾಗ ಹುಳುಗಳು ಕಡುಬೂದಿಗೂ ಕಪ್ಪಿಗೂ ಹೋಗಿ ತಡವರಿಸಿದವು. ಕೆಂಪು ಜೇನಿಗೆ ಕತ್ತಲೆ. ನಮ್ಮ ಮುತ್ತುಗ, ಬೂರುಗಗಳ ಕೆಂಪು ಮುಖ್ಯವಾಗಿ ಹಕ್ಕಿಗಳಿಗೆ ಕೊಟ್ಟ ಕರೆಯೋಲೆ. ಈ ಮೇಜಿನ ಮೇಲೆ ಕೆಂಪು ಬಟ್ಟಲಿಲ್ಲದ್ದಕ್ಕೆ ಕಾರಣ ಇದೇ. ಕೆಂಪನ್ನು ಕಳೆದುಕೊಂಡ ಜೇನು ನಾವು ಕಾಣದ ಇನ್ನೊಂದನ್ನು ಕಾಣುತ್ತದೆ: ನೇರಿಳೆಯಾಚೆಯ ಬೆಳಕು. ಹೀಗಾಗಿ ನಮ್ಮ ಬಿಳಿ ಅದರ ಬಿಳಿಯಲ್ಲ. ಎಷ್ಟೋ ಬಿಳಿಯ ಹೂಗಳು ಆ ಆಚೆಯ ಬೆಳಕನ್ನು ಹೀರಿಬಿಡುವುದರಿಂದ ಅದರ ಕಣ್ಣಿಗೆ ಬಣ್ಣದ ಹೂಗಳೇ ಆಗಿ ತೋರುತ್ತವೆ. ಬಟ್ಟಲಿನ ವಿಷಯದಲ್ಲಿ ಇದರ ಅರ್ಥವೇನು? ಅಂಗಡಿಯಿಂದ ತಂದ ಎರಡು ಹಳದಿ ಬಟ್ಟಲುಗಳು ನಮಗೆ ಒಂದೇ ತೆರನಾಗಿ ಕಂಡರೂ ಹುಳುವಿಗೆ ಬೇರೆ ಬೇರೆಯಾಗಿರಬಹುದು. ಆದ್ದರಿಂದಲೇ ಪರಿಣತರು ಬಟ್ಟಲಿಗೆ ಮಿರುಗುವ ಗೊತ್ತಾದ ಬಣ್ಣವನ್ನೇ ಬಳಿದು, ವರುಷ ವರುಷವೂ ಅದನ್ನೇ ಬಳಸಬೇಕೆಂದು ಹಟ ಹಿಡಿಯುತ್ತಾರೆ.

ಮೂರು ಬಣ್ಣ ಏತಕ್ಕೆಂದರೆ ಎಲ್ಲ ಹುಳುಗಳ ರುಚಿಯೂ ಒಂದೇ ಅಲ್ಲ. ಸಮಸಂಖ್ಯೆಯಲ್ಲಿ ಮೂರನ್ನೂ ಸಾಲಾಗಿ ಇಡುತ್ತಾರೆ, ಒಂದರಿಂದ ಒಂದಕ್ಕೆ ಮೂರರಿಂದ ಐದು ಮೀಟರು ದೂರ. ಹತ್ತಿರವಾದರೆ ಒಂದರ ಗಿರಾಕಿಯನ್ನು ಇನ್ನೊಂದು ಕಸಿದೀತು. ಇದರ ದೊಡ್ಡ ಗುಣ ನಿಷ್ಪಕ್ಷಪಾತ. ಬಲೆ ಬೀಸುವವರಲ್ಲಿ ಒಬ್ಬನ ಕೈ ಚುರುಕು, ಒಬ್ಬನ ಕಣ್ಣು ಮಂದ. ಇಬ್ಬರ ಲೆಕ್ಕವನ್ನು ತಾಳೆ ಹಾಕುವುದೆಂತು? ಬಟ್ಟಲಿಗೆ ನಿದ್ದೆಯಿಲ್ಲ, ಬೇಸರವಿಲ್ಲ. ಯುರೋಪಿನ ಐದು ದೇಶಗಳಲ್ಲಿ ಆರು ವಿಧಾನಗಳನ್ನು ಒರೆಗೆ ಹಚ್ಚಿ ೨೦೦೮ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜಾತಿಗಳನ್ನು ಕಲೆಹಾಕುವುದರಲ್ಲಿ ಬಣ್ಣದ ಬಟ್ಟಲೇ ಮೇಲೆನಿಸಿತು. ೨೦೧೩ರಲ್ಲಿ ಮತ್ತೊಂದು ಪಂಡಿತವರ್ಗ ಲೆಕ್ಕ ಹಾಕಿ, ೨೦೦ರಿಂದ ೨೫೦ ಸ್ಥಳಗಳಲ್ಲಿ ಐದು ವರ್ಷಗಳ ಅವಧಿಯಲ್ಲಿ ಎರಡು ಸಲ ಬಟ್ಟಲಿಟ್ಟರೆ ವರುಷಕ್ಕೆ ನೂರಕ್ಕೆ ಎರಡರಿಂದ ಐದರಷ್ಟು ಇಳಿತವಾದರೂ ಗೊತ್ತಾಗುವುದೆಂದೂ, ಇದಕ್ಕೆ ಸುಮಾರು ಇಪ್ಪತ್ತು ಲಕ್ಷ ಡಾಲರು ಸಾಕೆಂದೂ ಹೇಳಿತು. ಬ್ರಿಟನ್ನಿನಲ್ಲಿ ೨೦೧೭ರಿಂದ ಒಂದೊಂದು ಕಿಲೋಮೀಟರಿನ ಚೌಕಗಳನ್ನು ಗೊತ್ತುಮಾಡಿ ಇದೇ ಮೂರು ಬಣ್ಣದ ಬಟ್ಟಲುಗಳಿಂದ ಎಣಿಕೆ ನಡೆಸುತ್ತಿದ್ದಾರೆ.

ಇಷ್ಟು ಹೊಗಳಿದ ಮೇಲೆ ಬಟ್ಟಲಿನ ಸುಳ್ಳುಗಳನ್ನು ಹೇಳಬೇಕು. ಅದರ ಲೆಕ್ಕ ಬಯಲಿನಲ್ಲಿ ಇರುವವರ ಲೆಕ್ಕವಲ್ಲ, ಬಟ್ಟಲಿಗೆ ಮೋಸಹೋದವರ ಲೆಕ್ಕ. ಎಳ್ಳುಕಾಳಿಗಿಂತ ಸ್ವಲ್ಪ ದೊಡ್ಡದಾದ ನೆಲಬಿಲದ ಹುಳುಗಳು ಧಾರಾಳವಾಗಿ ಬೀಳುತ್ತವೆ. ಸಂಘಜೀವಿಯಾದ ಜೇನು, ಕರಿಯ ದೊಡ್ಡ ದುಂಬಿ, ಚಿಟ್ಟೆ ಇವು ಬೀಳುವುದು ಕಡಮೆ. ಇದಕ್ಕಿಂತ ಮೋಜಿನ ದೋಷ ಇನ್ನೊಂದಿದೆ. ಸುತ್ತ ನಿಜವಾದ ಹೂಗಳು ತುಂಬಿದ್ದರೆ ಬಟ್ಟಲಿನ ಹೂವನ್ನು ಕೇಳುವವರಿಲ್ಲ. ಹೂಗಳು ಬತ್ತಿದಾಗ ಹಸಿದ ಹುಳುಗಳು ಬಟ್ಟಲಿಗೆ ಎರಗುತ್ತವೆ. ತಾವೆಲ್ಲ ಆಗಸ್ಟ್–ಸೆಪ್ಟೆಂಬರಿನಲ್ಲಿ ಕಾಸ್ ಪ್ರಸ್ಥಭೂಮಿಗೆ ಬಸ್ಸು ಮಾಡಿಕೊಂಡು ಹೋಗುತ್ತೀರಷ್ಟೆ? ಮರಾಠಿಗರು ಸೀತೆಯ ಕಣ್ಣೀರೆಂದು ಕರೆಯುವ ಆ ನೀಲಿ ಹೂಗಳ ಜಮಖಾನೆಯ ನಡುವೆ ಒಂದು ನೀಲಿ ಬಟ್ಟಲಿಟ್ಟರೆ ಅದರ ಗತಿಯೇನು? ಮದುವೆಯೂಟದ ಪಂಕ್ತಿಯ ಪಕ್ಕದಲ್ಲಿ ಬುತ್ತಿ ಮಾರುವವನ ಗತಿ. ಹುಳುಗಳು ಹೆಚ್ಚಿರುವ ಕಾಲದಲ್ಲಿ ಬಟ್ಟಲು ಬರಿದಾಗಿ, ಕಷ್ಟದ ಕಾಲದಲ್ಲಿ ತುಂಬಿ, ಲೆಕ್ಕ ತಲೆಕೆಳಗಾಗಿಬಿಡಬಹುದು. ೨೦೨೦ರಲ್ಲಿ ಅಮೆರಿಕದ ಕೆಲವು ಕೀಟಶಾಸ್ತ್ರಜ್ಞರು, ಬಟ್ಟಲುಗಳ ಮೇಲಿನ ಈ ಅತಿಭರವಸೆ ಸಾಕು, ಕಣ್ಣು ಮತ್ತು ಕೈಬಲೆಗಳಿಗೆ ಹಿಂದಿರುಗೋಣ ಎಂದು ಬಹಿರಂಗವಾಗಿಯೇ ಬರೆದರು.

ನಮ್ಮ ನಾಡಿನ ಮಟ್ಟಿಗೆ ಈ ದೋಷ ಇನ್ನೂ ಹೆಚ್ಚು. ಕೊಡಗಿನ ರೊಬಸ್ಟಾ ಕಾಫಿಗೆ ಸ್ವಂತ ಪರಾಗದಿಂದ ಕಾಯಿ ಕಟ್ಟುವ ಶಕ್ತಿಯಿಲ್ಲ. ಹೂಮಳೆ ಬಿದ್ದ ಕೆಲವು ದಿನಕ್ಕೆ ತೋಟಕ್ಕೆ ತೋಟವೇ ಬೆಳ್ಳಗೆ ಅರಳುತ್ತದೆ, ಒಂದೆರಡು ದಿನಗಳಲ್ಲಿ ಬಾಡುತ್ತದೆ. ಅಷ್ಟರೊಳಗೆ ಬಂದು ಕೆಲಸ ಮುಗಿಸಿ ಹೋಗುವವರಲ್ಲಿ ಹೆಜ್ಜೇನೇ ಮೊದಲನೆಯದೆಂದು ಅಲ್ಲಿ ಅಧ್ಯಯನ ಮಾಡಿದವರು ೨೦೧೨ರಲ್ಲಿ ತೋರಿಸಿದರು. ಅಷ್ಟು ಬಿಳುಪಿನ ನಡುವೆ ಬಿಳಿ ಬಟ್ಟಲಿಟ್ಟು ಹೆಜ್ಜೇನು ಬೀಳಲೆಂದು ಕಾದವನಿಗೆ ತೋಟದ ಆಳು ಕೂಡ ನಕ್ಕಾನು.

ದೂರ ಹೋಗುವುದೇಕೆ, ಈ ಪುಣೆಯ ಬೆನ್ನಿಗೇ ಇರುವ ಭೀಮಾಶಂಕರದ ಕಾಡಿಗೆ ಬನ್ನಿ. ಅಲ್ಲಿ ರಾತ್ರಿ ಹಾರುವ ಒಂದು ಮರಕೊರಕ ದುಂಬಿಯುಂಟು. ಚಂದ್ರನಿಲ್ಲದ ಇರುಳಿನಲ್ಲಿ, ನಮ್ಮ ಕಣ್ಣಿಗೆ ಲೋಕವೆಲ್ಲ ಕಪ್ಪಾದಾಗ, ಅದು ಚುಕ್ಕೆಗಳ ಬೆಳಕಿನಲ್ಲಿಯೇ ಬಣ್ಣ ಗುರುತಿಸುವುದೆಂದು ಹೇಮಾ ಸೋಮನಾಥನ್ ಮತ್ತು ಸಂಗಡಿಗರು ೨೦೦೮ರಲ್ಲಿ ಸಿದ್ಧಪಡಿಸಿದರು. ಹೆಜ್ಜೇನಿಗೂ ಬೆಳುದಿಂಗಳಲ್ಲಿ ಮೇಯುವ ಅಭ್ಯಾಸವುಂಟು. ಬೆಳಗ್ಗೆ ಇಟ್ಟು ಸಂಜೆ ತೆಗೆಯುವ ಬಟ್ಟಲಿಗೆ ಈ ಲೋಕದ ಸುಳಿವೇ ಇಲ್ಲ. ತಣ್ಣನೆಯ ದೇಶದವರು ತಮ್ಮ ಹುಳುಗಳಿಗೆ ಹೊಲಿದ ಅಂಗಿಯನ್ನು ನಮ್ಮವಕ್ಕೆ ಅಳತೆ ನೋಡದೆ ತೊಡಿಸಲಾಗದು.

ಬಟ್ಟಲಿಲ್ಲದೆಯೇ ಒಳ್ಳೆಯ ಕೆಲಸ ನಡೆದಿರುವುದಕ್ಕೆ ಬೆಂಗಳೂರು ಸಾಕ್ಷಿ. ಅಲ್ಲಿ ಗೀತಾ ತಿಮ್ಮೇಗೌಡ ಮತ್ತು ಸಂಗಡಿಗರು ರಸ್ತೆಬದಿಯ ಹಳದಿ ಟೆಕೋಮಾ ಗಿಡಗಳ ಬಳಿ ನಿಂತು ಹೂವಿಗೆ ಬರುವ ಹೆಜ್ಜೇನುಗಳನ್ನು ಎಣಿಸಿದರು, ಕೆಲವನ್ನು ಹಿಡಿದು ಪರೀಕ್ಷಿಸಿದರು. ೨೦೨೦ರಲ್ಲಿ ಫಲಿತಾಂಶ ಹೊರಬಂತು. ಹೊಗೆ ದೂಳು ಹೆಚ್ಚಿದ ಬಡಾವಣೆಗಳಲ್ಲಿ ಹೂವಿಗೆ ಬರುವ ಹುಳುಗಳೇ ಕಡಮೆ. ಅಲ್ಲಿಂದ ಹಿಡಿದು ತಂದವುಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಒಂದು ದಿನದೊಳಗೆ ಸತ್ತವು. ಬಟ್ಟಲನ್ನು ಹತ್ತು ವರ್ಷ ಇಟ್ಟಿದ್ದರೂ ಈ ಸಂಗತಿ ಹೊರಬೀಳುತ್ತಿರಲಿಲ್ಲ.

ಇನ್ನು ಕೊಲೆಯ ಮಾತು. ಇದನ್ನು ನನ್ನನ್ನು ಕೇಳುವವರು ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳು. ಗಂಡಸರು ಖರ್ಚೆಷ್ಟೆಂದು ಕೇಳುತ್ತಾರೆ. ಉಳಿಸುವುದಕ್ಕಾಗಿ ಎಣಿಸುವುದು, ಎಣಿಸುವುದಕ್ಕಾಗಿ ಕೊಲ್ಲುವುದು, ಇದೇನು ನ್ಯಾಯ? ಪ್ರಶ್ನೆ ಸರಿಯಾದದ್ದು. ಕಾಲರಾಡೊ ಬೆಟ್ಟಗಳಲ್ಲಿ ಎರಡು ವಾರಕ್ಕೊಮ್ಮೆಯಂತೆ ವರ್ಷಗಟ್ಟಲೆ ಹುಳು ಹಿಡಿದ ಜಾಗಗಳಲ್ಲಿಯೂ ಅವುಗಳ ಸಂಖ್ಯೆ ಕುಗ್ಗಿದ ಕುರುಹು ಕಾಣಲಿಲ್ಲವೆಂದು ೨೦೧೫ರ ಒಂದು ವರದಿ ಹೇಳುತ್ತದೆ. ಇದರಿಂದ ಎಣಿಸುವವರಿಗೆ ಧೈರ್ಯ ಬರುತ್ತದೆ, ಅಪ್ಪಣೆ ಸಿಕ್ಕಂತಾಗುವುದಿಲ್ಲ. ಹೆಜ್ಜೇನಿನ ತಟ್ಟಿಯಿಂದ ಒಂದು ಕೆಲಸಗಾರ ಹುಳು ಸತ್ತರೆ ಸಾವಿರಾರು ಉಳಿದಿರುತ್ತವೆ. ಒಂಟಿ ದುಂಬಿಯ ಹೆಣ್ಣು ಬಟ್ಟಲಿಗೆ ಬಿದ್ದರೆ ಒಂದು ಮನೆತನವೇ ಮುಳುಗಿತು. ಅರ್ಧ ತುಂಬಿದ ಗೂಡು ಹಾಗೆಯೇ ಉಳಿಯಿತು. ಬಟ್ಟಲಿಗೆ ಹೆಚ್ಚಾಗಿ ಬೀಳುವುದು ಈ ಒಂಟಿಯವೇ. ನನ್ನ ಅಭಿಪ್ರಾಯ ಇಷ್ಟು: ಹೆಸರು ಕಂಡುಹಿಡಿಯುವ ಪರಿಣತನೊಬ್ಬ ಮುಂದೆ ಬಂದು “ಇವನ್ನು ನಾನು ನೋಡಿಕೊಡುತ್ತೇನೆ” ಎಂದು ಒಪ್ಪಿದ ಹೊರತು ಒಂದು ಬಟ್ಟಲನ್ನೂ ಇಡಕೂಡದು. ಸೀಸೆಗಳಲ್ಲಿ ತುಂಬಿ ಕಪಾಟಿನಲ್ಲಿ ಮರೆತ ಹುಳುಗಳನ್ನು ನಾನು ಬೇಕಾದಷ್ಟು ಕಡೆ ಕಂಡಿದ್ದೇನೆ. ಅದನ್ನು ಶಾಸ್ತ್ರವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಆ ಪರಿಣತರೇ ನಮ್ಮಲ್ಲಿ ಕೆಲವರು ಮಾತ್ರ. ೧೮೯೭ರಲ್ಲಿ ಬಿಂಗ್ಹ್ಯಾಮ್ ಎಂಬ ಸೈನ್ಯಾಧಿಕಾರಿ ಈ ದೇಶದ ಕಣಜ ಮತ್ತು ಜೇನುಬಳಗದ ಹುಳುಗಳನ್ನು ಕುರಿತು ಬರೆದ ದಪ್ಪ ಗ್ರಂಥವನ್ನು ಇಂದಿಗೂ ತೆರೆಯದೆ ಕೆಲಸ ಸಾಗದು. ಒಂದೂಕಾಲು ಶತಮಾನ! ಇತ್ತ ನಮ್ಮ ಜೇನುಕುರುಬರೂ ಸೋಲಿಗರೂ ಮರದ ಕೆಳಗೆ ನಿಂತು ಸದ್ದಿನಿಂದಲೇ ಜೇನನ್ನು ಗುರುತಿಸುತ್ತಾರೆ. ಆದರೆ ಅವರ ಅರಿವು ಜೇನು ಕೊಡುವ ಹುಳುಗಳ ಮೇಲೆ ನಿಂತದ್ದು. ತೊಗರಿಯ ಒಂಟಿ ಹುಳುವನ್ನು ಇತ್ತ ಕಾಡಿನವರೂ ಅತ್ತ ಕಾಲೇಜಿನವರೂ ಕೈಬಿಟ್ಟಿದ್ದಾರೆ. ಹೆಸರಿಡುವ ಕೆಲಸಕ್ಕೆ ನಮ್ಮ ಹುಡುಗ ಹುಡುಗಿಯರಲ್ಲಿ ಒಬ್ಬಿಬ್ಬರು ಮನಸ್ಸು ಮಾಡಿದರೂ ನಾನು ಈ ಸಂಜೆ ಇಷ್ಟು ಹೊತ್ತು ಗಂಟಲು ಹರಿದುಕೊಂಡದ್ದು ಸಾರ್ಥಕ.

ಕೊಲ್ಲದೆ ಎಣಿಸುವ ಕ್ರಮವೊಂದು ಬ್ರಿಟನ್ನಿನ ಅದೇ ಯೋಜನೆಯಲ್ಲಿದೆ; ಅದು ನಮಗೆ ಇಂದೇ ಸಾಧ್ಯ. ಅರ್ಧ ಮೀಟರು ಉದ್ದಗಲದ ಚೌಕದಲ್ಲಿರುವ ಹೂಗಳ ಮುಂದೆ ಹತ್ತು ನಿಮಿಷ ಕುಳಿತು, ಹೂವಿನ ಮೇಲೆ ಇಳಿದವರನ್ನೆಲ್ಲ ಬರೆದುಕೊಳ್ಳುವುದು. ಜಾತಿಯ ಹೆಸರು ಬೇಕಿಲ್ಲ, ಗುಂಪು ಸಾಕು. ನಮ್ಮ ಪಟ್ಟಿಯನ್ನು ನಾನು ಹೀಗೆ ಮಾಡಿದ್ದೇನೆ: ಹೆಜ್ಜೇನು, ತುಡುವೆ, ಕೋಲುಜೇನು, ಮುಜಂಟಿ, ಕರಿಯ ದೊಡ್ಡ ದುಂಬಿ, ಇತರ ಸಣ್ಣ ದುಂಬಿ, ಕಣಜ, ನೊಣ, ಚಿಟ್ಟೆ. ಚೌಕದಲ್ಲಿ ಹೂವೆಷ್ಟಿತ್ತು, ಬಿಸಿಲೋ ಮೋಡವೋ ಎಂಬುದನ್ನೂ ಬರೆಯಬೇಕು.

ಬರುವ ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ವೇತಾಳ ಟೇಕಡಿಯ ಬುಡದಲ್ಲಿ ಸೇರೋಣವೆಂದು ಕಾರ್ಯದರ್ಶಿಗಳ ಸಂಗಡ ಮಾತಾಗಿದೆ. ಎರಡು ಮೀಟರು ಹುರಿ, ಚೌಕದ ಮೂಲೆಗೆ ನಾಲ್ಕು ಕಡ್ಡಿ, ಕೈಗಡಿಯಾರ, ಸೀಸದ ಕಡ್ಡಿ ತಂದರೆ ಸಾಕು. ಮಕ್ಕಳು ಹೆಜ್ಜೇನಿನ ತಟ್ಟಿ ಕಂಡರೆ ಕಲ್ಲೆಸೆಯಬಾರದು. ಅಂಥವರ ತಂದೆತಾಯಿಗಳೂ ಜೊತೆಗೆ ಬರತಕ್ಕದ್ದು. ಬಟ್ಟಲುಗಳನ್ನು ನಾನು ತರುವುದಿಲ್ಲ. ಅವುಗಳಲ್ಲಿ ಈ ರಾತ್ರಿ ಚಟ್ನಿ ಬಡಿಸುವುದಾದರೆ ನನ್ನ ಆಕ್ಷೇಪಣೆಯಿಲ್ಲ; ಹೊಸವು, ಇನ್ನೂ ಹೊಲ ಕಂಡಿಲ್ಲ, ಬಣ್ಣವೂ ಹೊರಮೈಗೆ ಮಾತ್ರ.